ಹಾಕಿಸಿದ್ದು 31 ಡಾಲರ್, ಮೆಸೇಜ್ ಬಂದದ್ದು 175ಕ್ಕೆ

ಪ್ರಶ್ನೆ:

ನನ್ನ ಮಗ ಅಮೆರಿಕದ ಟೆಕ್ಸಸ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಶಿಕ್ಷಣ ಸಾಲ ಮಾಡಿ ಕಳಿಸಿದ್ದೇವೆ. ಇಲ್ಲಿಂದ ಹೊರಡುವಾಗ ಬ್ಯಾಂಕಿನಲ್ಲಿ ಒಂದು ಫಾರೆಕ್ಸ್ ಕಾರ್ಡ್ ಮಾಡಿಸಿಕೊಟ್ಟಿದ್ದೆವು. ಪ್ರತಿ ತಿಂಗಳು ಅದಕ್ಕೆ 500 ಡಾಲರ್ ತುಂಬುವುದು ನಮ್ಮ ಯಜಮಾನರ ಜವಾಬ್ದಾರಿ. ಮಗ ಖರ್ಚು ಮಾಡಿದಾಗಲೆಲ್ಲ ಮೆಸೇಜ್ ಇವರ ಫೋನಿಗೇ ಬರುತ್ತದೆ. ಇವರು ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಒಂದು ರೂಪಾಯಿ ತಾಳೆಯಾಗದಿದ್ದರೂ ಊಟ ಸೇರುವುದಿಲ್ಲ. ಈಗ ಮನೆಯಲ್ಲೇ ಕೂತು ಫೋನಿನಲ್ಲಿ ಐಪಿಓಗಳಿಗೆ ಅರ್ಜಿ ಹಾಕುವುದು, ಪಾಸ್‌ಬುಕ್ ನೋಡುವುದು ಇವರ ಹವ್ಯಾಸ.

ಮಗ ಮತ್ತು ಅವನ ರೂಮಿನ ಇಬ್ಬರು ಹುಡುಗರು ಸೇರಿ ಹಳೆಯ ಕಾರೊಂದನ್ನು ಕೊಂಡಿದ್ದಾರೆ. ಕಳೆದ ತಿಂಗಳು ಒಂದು ಶನಿವಾರ ಬೆಳಗಿನ ಜಾವ ಪೆಟ್ರೋಲ್ ಬಂಕಿನಲ್ಲಿ 175 ಡಾಲರ್ ಹೋಯಿತೆಂದು ಮೆಸೇಜ್ ಬಂತು. ಮರುದಿನ ಇನ್ನೊಂದು ಬಂಕಿನಲ್ಲಿ ಮತ್ತೆ 175. ಇವರು ಕೂಡಲೇ ಫೋನ್ ಮಾಡಿದರು. ಅವನು, "ಅಪ್ಪಾ, ನಾನು ಹಾಕಿಸಿದ್ದು ಮೊದಲನೇ ಸಲ 31 ಡಾಲರಿನದು, ಎರಡನೇ ಸಲ 28ರದ್ದು" ಎಂದ. "ಹಾಗಾದರೆ ಬ್ಯಾಂಕು ಸುಳ್ಳು ಹೇಳುತ್ತದಾ? ಪೆಟ್ರೋಲಿಗೆ ಒಂದೇ ದಿನದಲ್ಲಿ ಹದಿನೈದು ಸಾವಿರವಾ? ಸಾಲದ ದುಡ್ಡಿನಲ್ಲಿ ಮಜಾ ಮಾಡ್ತಿದೀಯ, ಮೇಲಿಂದ ಸುಳ್ಳು ಬೇರೆ" ಎಂದು ಇವರು ಬೈದುಬಿಟ್ಟರು. ಅವನು ಫೋನ್ ಇಟ್ಟ. ಅದೇ ದಿನ ದಿನಸಿ ಅಂಗಡಿಯಲ್ಲಿ ಅವನ ಕಾರ್ಡ್ ನಡೆಯಲಿಲ್ಲವಂತೆ. ಸಾಮಾನು ಅಲ್ಲೇ ಬಿಟ್ಟು ಬಂದನೆಂದು ಅವನ ಸ್ನೇಹಿತ ನನಗೆ ಹೇಳಿದ. ಮಗ ಹೇಳಲಿಲ್ಲ.

ಆಮೇಲೆ ಸ್ವಲ್ಪ ಹಣ ವಾಪಸ್ ಬಂದ ಹಾಗೆ ಆ್ಯಪಿನಲ್ಲಿ ಕಾಣುತ್ತಿದೆ, ಆದರೆ ಪೂರ್ತಿ ಬಂದಂತಿಲ್ಲ. ಮಗ ಈಗ ನನಗಷ್ಟೇ ಫೋನ್ ಮಾಡುತ್ತಾನೆ, ಅಪ್ಪನ ಹತ್ತಿರ ಮಾತಿಲ್ಲ. ನನ್ನ ಮಗ ಸುಳ್ಳು ಹೇಳುವವನಲ್ಲ. ಆದರೆ ಬ್ಯಾಂಕಿನ ಮೆಸೇಜನ್ನು ಹೇಗೆ ಅಲ್ಲಗಳೆಯಲಿ? ಯಾರೋ ಕಾರ್ಡ್ ಕದ್ದಿದ್ದಾರಾ? ಹಣ ಹೋದ ಹಾಗೆಯೇನಾ? ಇಬ್ಬರ ನಡುವೆ ನನಗೆ ದಿಕ್ಕೇ ತೋಚುತ್ತಿಲ್ಲ.

— ಹೆಸರು, ಊರು ಬೇಡ

ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಮಗ ಸುಳ್ಳು ಹೇಳಿಲ್ಲ. ನಿಮ್ಮ ಯಜಮಾನರು ಓದಿದ ಮೆಸೇಜೂ ಸುಳ್ಳಲ್ಲ. ನೀವು ಬರೆದಿರುವ ವಿವರಗಳನ್ನು ನೋಡಿದರೆ ಯಾರೂ ಕಾರ್ಡ್ ಕದ್ದಂತೆಯೂ ಕಾಣುವುದಿಲ್ಲ. ಎರಡು ಬೇರೆ ಬಂಕುಗಳಲ್ಲಿ, ಎರಡೂ ಸಲ ಸರಿಯಾಗಿ 175 ಡಾಲರ್ ಎಂದು ನೀವು ಬರೆದ ಕೂಡಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಪೆಟ್ರೋಲ್ ಹಾಕಿಸಿದರೆ ಬಿಲ್ಲು 31.40 ಎಂದೋ 28.65 ಎಂದೋ ಬರುತ್ತದೆ. ಎರಡು ಸಲವೂ ಚಿಲ್ಲರೆಯಿಲ್ಲದ ಒಂದೇ ಮೊತ್ತ ಬರುವುದಿಲ್ಲ. ಆ 175 ಎನ್ನುವುದು ಪೆಟ್ರೋಲಿನ ಬೆಲೆಯಲ್ಲ. ಪೆಟ್ರೋಲ್ ಹಾಕುವ ಮೊದಲೇ ಕಾರ್ಡಿನಲ್ಲಿ ತಡೆಹಿಡಿದ ಹಣ.

ಹಣ ಹೋಗಿಲ್ಲ. ಆದರೆ ಅದು ತಡೆಯಲ್ಲಿದ್ದಷ್ಟು ದಿನ ನಿಮ್ಮ ಮಗನ ಕೈಯಲ್ಲಿ ಹಣ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಂಡರೆ ಮಾತ್ರ ನಿಮ್ಮ ಮನೆಯ ಈ ಜಗಳ ಬಿಡಿಸಿಕೊಳ್ಳಲು ಸಾಧ್ಯ. ಮೊದಲು ಅಲ್ಲಿ ನಡೆದದ್ದೇನೆಂದು ಹೇಳುತ್ತೇನೆ. ಈ ಭಾಗವನ್ನು ನಿಮ್ಮ ಯಜಮಾನರಿಗೆ ಓದಲು ಕೊಡಿ. ಲೆಕ್ಕ ಬಲ್ಲವರು, ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಅಲ್ಲಿನ ಬಂಕಿನಲ್ಲಿ ನಡೆಯುವುದೇನು

ನಮ್ಮ ಬಂಕುಗಳಲ್ಲಿ ಪೆಟ್ರೋಲ್ ಹಾಕಲು ಹುಡುಗನೊಬ್ಬ ಇರುತ್ತಾನೆ. ನಾವು "ಐನೂರಕ್ಕೆ ಹಾಕಪ್ಪಾ" ಎನ್ನುತ್ತೇವೆ, ಅವನು "ಜೀರೋ ನೋಡಿ ಸಾರ್" ಎನ್ನುತ್ತಾನೆ. ಹಾಕಿ ಮುಗಿದ ಮೇಲೆ ಮಷಿನ್ ತಂದು ಐನೂರು ಒತ್ತುತ್ತಾನೆ. ನಮ್ಮ ಫೋನಿಗೆ ಐನೂರರ ಮೆಸೇಜೇ ಬರುತ್ತದೆ. ಮಾಲು ಮೊದಲು, ಮೊತ್ತ ಆಮೇಲೆ. ನಿಮ್ಮ ಯಜಮಾನರು ಜೀವನವಿಡೀ ನೋಡಿದ್ದು ಈ ಕ್ರಮವನ್ನೇ. ಹಾಗಾಗಿ ಮೆಸೇಜಿನಲ್ಲಿರುವ ಅಂಕಿಯೇ ಖರ್ಚು ಎಂದು ಅವರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಅಮೆರಿಕದ ಬಹುತೇಕ ಕಡೆ ಬಂಕಿನಲ್ಲಿ ಪೆಟ್ರೋಲ್ ಹಾಕಿಕೊಡುವವರು ಇರುವುದಿಲ್ಲ. ನ್ಯೂ ಜೆರ್ಸಿ ರಾಜ್ಯದಲ್ಲಿ ಮಾತ್ರ ಗ್ರಾಹಕರು ತಾವೇ ಹಾಕಿಕೊಳ್ಳುವುದನ್ನು 1949ರಿಂದಲೇ ಕಾನೂನು ತಡೆದಿದೆ. ಆರೆಗಾನ್‌ನಲ್ಲಿ 1951ರಿಂದ ಇದ್ದ ಅಂಥದೇ ನಿಷೇಧವನ್ನು 2023ರಲ್ಲಿ ತೆಗೆದರು. ಟೆಕ್ಸಸ್‌ನಲ್ಲಿ ನಿಮ್ಮ ಮಗ ತಾನೇ ಕಾರಿನಿಂದಿಳಿದು, ಪಂಪಿಗೆ ಕಾರ್ಡ್ ತೂರಿಸಿ, ತಾನೇ ಪೈಪು ಹಿಡಿದು ಹಾಕಿಕೊಳ್ಳಬೇಕು. ಅವನು ಎಷ್ಟು ಹಾಕಿಕೊಳ್ಳುತ್ತಾನೆಂಬುದು ಆ ಹೊತ್ತಿಗೆ ಪಂಪಿಗೆ ಗೊತ್ತಿಲ್ಲ. ಚಿಕ್ಕ ಕಾರಿನ ಟ್ಯಾಂಕ್ 12 ಗ್ಯಾಲನ್ ಹಿಡಿದರೆ ಅಲ್ಲಿನ ದೊಡ್ಡ ಪಿಕಪ್ ಗಾಡಿಗಳದು 30 ಗ್ಯಾಲನ್ನಿಗೂ ಹೆಚ್ಚು ಹಿಡಿಯುತ್ತದೆ. ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್. ಟ್ಯಾಂಕ್ ತುಂಬಿಸಿಕೊಂಡ ಮೇಲೆ ಕಾರ್ಡಿನಲ್ಲಿ ದುಡ್ಡಿಲ್ಲವೆಂದು ತಿಳಿದರೆ ಹಾಕಿದ ಪೆಟ್ರೋಲನ್ನು ಬಂಕಿನವರು ವಾಪಸ್ ತೆಗೆಯಲಾಗದು. ಆದ್ದರಿಂದ ಪೈಪಿನಿಂದ ಒಂದು ಹನಿ ಬೀಳುವ ಮೊದಲೇ ಪಂಪು ಬ್ಯಾಂಕನ್ನು ಕೇಳುತ್ತದೆ: "ಈ ಕಾರ್ಡಿನಲ್ಲಿ ಇಷ್ಟು ಹಣ ಇದೆಯೇ? ಇದ್ದರೆ ಸದ್ಯಕ್ಕೆ ಬೇರೆ ಯಾರಿಗೂ ಕೊಡದೆ ತೆಗೆದಿಡಿ." ಬ್ಯಾಂಕು ಒಪ್ಪಿದರೆ ಮಾತ್ರ ಪಂಪು ತೆರೆದುಕೊಳ್ಳುತ್ತದೆ.

ಎಷ್ಟು ತೆಗೆದಿಡಲು ಕೇಳಬೇಕೆಂಬುದನ್ನು ಬಂಕಿನವರು ನಿರ್ಧರಿಸುತ್ತಾರೆ. ಕೆಲವರು ಕೇವಲ 1 ಡಾಲರ್ ಕೇಳಿ ಕಾರ್ಡ್ ಜೀವಂತವಾಗಿದೆಯೇ ಎಂದಷ್ಟೇ ಪರೀಕ್ಷಿಸುತ್ತಾರೆ. ಕೆಲವರು 75, ಕೆಲವರು 100. ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳು ಇದಕ್ಕೊಂದು ಮೇಲ್ಮಿತಿ ಇಟ್ಟಿವೆ. 2022ರಲ್ಲಿ ಅಲ್ಲಿ ಪೆಟ್ರೋಲ್ ಬೆಲೆ ಏರಿ ದೊಡ್ಡ ಗಾಡಿಗಳ ಟ್ಯಾಂಕ್ ತುಂಬಲು ಹಳೆಯ ಮಿತಿ ಸಾಲದಾದಾಗ ಅದನ್ನು 125 ಡಾಲರಿನಿಂದ 175ಕ್ಕೆ ಏರಿಸಿದರು. ನಿಮ್ಮ ಯಜಮಾನರ ಫೋನಿಗೆ ಬಂದದ್ದು ಆ 175.

ಪೆಟ್ರೋಲ್ ಹಾಕಿ ಪೈಪನ್ನು ಅದರ ಜಾಗಕ್ಕೆ ಸಿಕ್ಕಿಸಿದ ಮೇಲೆ ಪಂಪು ಬ್ಯಾಂಕಿಗೆ ಎರಡನೇ ಸಂದೇಶ ಕಳಿಸುತ್ತದೆ: "ನಿಜವಾದ ಬಿಲ್ಲು 31 ಡಾಲರ್." ಬ್ಯಾಂಕು ಆಗ 31 ಇಟ್ಟುಕೊಂಡು ಮಿಕ್ಕ 144ನ್ನು ಬಿಡಬೇಕು. ಎಲ್ಲವೂ ಸರಿಯಾಗಿ ನಡೆದರೆ ಇದು ಕೆಲವೇ ಗಂಟೆಗಳ ಮಾತು. ಎಷ್ಟೋ ಸಲ ಹಾಗಾಗುವುದಿಲ್ಲ. ಎರಡನೇ ಸಂದೇಶವನ್ನು ಗಮನಿಸದೆ, ಬಂಕಿನ ಅಂತಿಮ ಲೆಕ್ಕ ಬರುವವರೆಗೂ ಹಣ ಹಿಡಿದಿಡುವ ಬ್ಯಾಂಕುಗಳಿವೆ. ಆಗ ಎರಡು ಮೂರು ದಿನ, ವಾರಾಂತ್ಯ ಬಂದರೆ ಇನ್ನೂ ಹೆಚ್ಚು. ನಿಮ್ಮ ಮಗ ಹಾಕಿಸಿದ್ದು ಅಲ್ಲಿನ ಶುಕ್ರವಾರ ಸಂಜೆ ಮತ್ತು ಶನಿವಾರ ಎಂಬುದನ್ನು ಗಮನಿಸಿ. ಫಾರೆಕ್ಸ್ ಕಾರ್ಡಿನಂಥ, ಮೊದಲೇ ಹಣ ತುಂಬಿಸುವ ಕಾರ್ಡುಗಳಲ್ಲಿ ಇನ್ನೊಂದು ತೊಡಕಿದೆ. ತಡೆಹಿಡಿದ 175ಕ್ಕೂ ಆಮೇಲೆ ಬಂದ 31ಕ್ಕೂ ವ್ಯವಸ್ಥೆ ತಾಳೆ ಹಾಕಲು ವಿಫಲವಾದರೆ ಕೆಲವು ದಿನ ಎರಡೂ ಒಟ್ಟಿಗೆ ಕಡಿತವಾದಂತೆ ಕಾಣುತ್ತವೆ. ತಡೆಯ ಅವಧಿ ಮುಗಿಯುವವರೆಗೆ ಹಣ ಸಿಕ್ಕಿಕೊಂಡೇ ಇರುತ್ತದೆ. ಆ ಅವಧಿ ಆಯಾ ಬ್ಯಾಂಕಿನ ನಿಯಮದ ಮೇಲೆ ನಿಂತಿದೆ. ಕೆಲವು ಸಲ ವಾರಗಟ್ಟಲೆ ಎಳೆಯುತ್ತದೆ. "ಸ್ವಲ್ಪ ಬಂದಿದೆ, ಪೂರ್ತಿ ಬಂದಿಲ್ಲ" ಎಂದು ನೀವು ಬರೆದಿರುವುದಕ್ಕೆ ಬಹುಶಃ ಇದೇ ಕಾರಣ. ಒಂದು ಬಂಕಿನ ತಡೆ ಬಿಟ್ಟಿದೆ, ಇನ್ನೊಂದರದು ಬಿಟ್ಟಿಲ್ಲ.

ನಿಮ್ಮ ಯಜಮಾನರು ಐಪಿಓಗಳಿಗೆ ಅರ್ಜಿ ಹಾಕುತ್ತಾರೆಂದು ಬರೆದಿದ್ದೀರಿ. ಹಾಗಾದರೆ ಈ ಪದ್ಧತಿ ಅವರಿಗೆ ಗೊತ್ತಿರುವಂಥದೇ. ಷೇರಿಗೆ ಅರ್ಜಿ ಹಾಕಿದಾಗ ಹಣ ಖಾತೆಯಲ್ಲೇ ಇರುತ್ತದೆ, ಆದರೆ ಬ್ಲಾಕ್ ಆಗಿರುತ್ತದೆ. ಷೇರು ಸಿಕ್ಕಿದರೆ ಸಿಕ್ಕಿದಷ್ಟಕ್ಕೆ ಮಾತ್ರ ಹಣ ಹೋಗುತ್ತದೆ, ಸಿಗದಿದ್ದರೆ ಪೂರ್ತಿ ಬಿಡುಗಡೆಯಾಗುತ್ತದೆ. ಅಸ್ಬಾ ಎಂದು ಕರೆಯುವ ಈ ವ್ಯವಸ್ಥೆಯನ್ನು ಸೆಬಿ 2008ರಲ್ಲಿ ತಂದಿತು. ಹದಿನೈದು ಸಾವಿರ ಬ್ಲಾಕ್ ಆದ ದಿನ ಅವರು "ಹದಿನೈದು ಸಾವಿರ ಕಳೆದೆ" ಎಂದು ಹೇಳುವುದಿಲ್ಲ. ಪಂಪಿನ ಮುಂದೆ ನಿಮ್ಮ ಮಗನ ಕಾರ್ಡಿಗೆ ಆದದ್ದೂ ಅದೇ. ವ್ಯತ್ಯಾಸವೊಂದಿದೆ. ಐಪಿಓ ಅರ್ಜಿಯಲ್ಲಿ ಎಷ್ಟು ಬ್ಲಾಕ್ ಆಗುತ್ತದೆಂದು ನಾವೇ ಬರೆದು ಒಪ್ಪಿರುತ್ತೇವೆ. ಪಂಪಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಹೆಚ್ಚೆಂದರೆ ಸಣ್ಣ ಅಕ್ಷರದ ಚೀಟಿಯೊಂದನ್ನು ಪಂಪಿಗೆ ಅಂಟಿಸಿರುತ್ತಾರೆ. ಹೊಸದಾಗಿ ಹೋದ ಹುಡುಗನ ಕಣ್ಣಿಗೆ ಅದು ಬೀಳುವುದಿಲ್ಲ.

ಅವನ ಕಷ್ಟ ಚಿಕ್ಕದಲ್ಲ

"ಹಣ ವಾಪಸ್ ಬರುತ್ತದಲ್ಲ, ಮತ್ತೇನು" ಎಂದು ಈ ವಿಷಯವನ್ನು ಹಗುರವಾಗಿ ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಖಾತೆಯಲ್ಲಿ ಹತ್ತು ಸಾವಿರ ಡಾಲರ್ ಇರುವವನಿಗೆ 175ರ ತಡೆ ಬಿದ್ದದ್ದು ಗೊತ್ತೇ ಆಗುವುದಿಲ್ಲ. 500ರಲ್ಲಿ ತಿಂಗಳು ಕಳೆಯಬೇಕಾದವನಿಗೆ ಎರಡು ತಡೆ ಬಿದ್ದರೆ 350 ಕಟ್ಟಿಹಾಕಿದಂತೆ. ಅದೇ ವಾರ ದಿನಸಿ ಕೊಳ್ಳಬೇಕು, ಫೋನ್ ಬಿಲ್ಲು ಕಟ್ಟಬೇಕು, ಬಾಡಿಗೆಯಲ್ಲಿ ತನ್ನ ಪಾಲು ಕೊಡಬೇಕು. ಅಂಗಡಿಯವರು "ನಿಮ್ಮ ಹಣ ಬುಧವಾರ ಬರುತ್ತದೆ" ಎಂದು ಅಕ್ಕಿ ಕೊಡುವುದಿಲ್ಲ. ಈ ಪದ್ಧತಿ ನಷ್ಟದ ಭಯವಿರುವ ಬಂಕನ್ನು ಕಾಯುತ್ತದೆ. ಅದರ ಭಾರ ಬೀಳುವುದು ಕೈಯಲ್ಲಿ ಕಡಿಮೆ ಇರುವವರ ಮೇಲೆ. ವಿದ್ಯಾರ್ಥಿಗಳು, ದಿನಗೂಲಿಯವರು, ಮಗಳ ಬಾಣಂತನಕ್ಕೆಂದು ಇಂಥದೇ ಕಾರ್ಡ್ ಹಿಡಿದು ಹೋದ ಅಪ್ಪ ಅಮ್ಮಂದಿರು ಇದರಲ್ಲಿ ಸಿಕ್ಕಿಬೀಳುತ್ತಾರೆ.

ನಿಮ್ಮ ಮಗ ಸಾಮಾನು ಅಲ್ಲೇ ಬಿಟ್ಟು ಬಂದದ್ದನ್ನು ನಿಮಗೆ ಹೇಳಲಿಲ್ಲ. ಹೇಳಿದ್ದರೆ ಅಪ್ಪನ ಬೈಗುಳಕ್ಕೆ ಇನ್ನೊಂದು ಕಾರಣ ಸಿಕ್ಕೀತೆಂಬ ಅಂಜಿಕೆ ಇತ್ತೋ, ಅಮ್ಮ ನೊಂದಾಳೆಂಬ ಸಂಕಟ ಇತ್ತೋ. ತನಗೂ ಅರ್ಥವಾಗದ ಲೆಕ್ಕವನ್ನು ಅವನು ಇನ್ನೊಬ್ಬರಿಗೆ ಹೇಗೆ ವಿವರಿಸಬೇಕು? 31 ಡಾಲರಿನ ರಸೀದಿ ಅವನ ಕೈಯಲ್ಲಿತ್ತು, 175ರ ಮೆಸೇಜ್ ಅಪ್ಪನ ಕೈಯಲ್ಲಿತ್ತು. ಇಬ್ಬರೂ ತಮ್ಮ ತಮ್ಮ ಕಾಗದ ಓದಿ ಸತ್ಯವನ್ನೇ ಹೇಳಿದರು.

ಈಗ ಮಾಡಬೇಕಾದ್ದು

ಮೊದಲು ಮಗನಿಗೆ ಹೇಳಿ ಬ್ಯಾಂಕಿನ ಆ್ಯಪ್‌ನಲ್ಲಿ ಆ ಎರಡು ವ್ಯವಹಾರಗಳ ಮುಂದೆ ಏನಿದೆ ನೋಡಿಸಿ. 'ಪೆಂಡಿಂಗ್' ಅಥವಾ 'ಆಥರೈಸ್ಡ್' ಎಂದಿದ್ದರೆ ಅದು ತಡೆ. ಹಣ ಬಂಕಿಗೆ ಹೋಗಿಲ್ಲ. 'ಪೋಸ್ಟೆಡ್' ಅಥವಾ 'ಸೆಟಲ್ಡ್' ಎಂದಿದ್ದು ಮೊತ್ತ 31 ಅಥವಾ 28 ಇದ್ದರೆ ಲೆಕ್ಕ ಸರಿಹೋಗಿದೆ. 'ಪೋಸ್ಟೆಡ್' ಎಂದಿದ್ದು ಮೊತ್ತ 175 ಇದ್ದರೆ ಮಾತ್ರ ನಿಜವಾದ ತಪ್ಪು ನಡೆದಿದೆ. ಆಗ ರಸೀದಿಯ ಫೋಟೋ ಇಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು. ಅವನು ಹೋಗಿಯೇ ಇಲ್ಲದ ಊರಿನ ಬಂಕಿನ ಹೆಸರು ಕಂಡರೆ ಮಾತ್ರ ಕಳ್ಳತನದ ಅನುಮಾನ ಪಡಿ. ಆಗ ಒಂದು ಕ್ಷಣವೂ ಕಾಯದೆ ಕಾರ್ಡ್ ಬ್ಲಾಕ್ ಮಾಡಿಸಿ.

ತಡೆ ಇನ್ನೂ ಬಿಟ್ಟಿಲ್ಲವಾದರೆ ಕಾರ್ಡಿನ ಬೆನ್ನ ಮೇಲಿರುವ ಬ್ಯಾಂಕಿನ ನಂಬರಿಗೆ ಫೋನ್ ಮಾಡಿಸಿ. ಇಂಟರ್ನೆಟ್ಟಿನಲ್ಲಿ ಹುಡುಕಿದ 'ಕಸ್ಟಮರ್ ಕೇರ್' ನಂಬರಿಗೆ ಮಾಡಬೇಡಿ. ಆ ಹೆಸರಿನಲ್ಲಿ ವಂಚಕರು ಕಾದಿರುತ್ತಾರೆ. "ನನ್ನ ಹಣ ಎಲ್ಲಿ" ಎಂದು ಕೇಳುವ ಬದಲು ಹೀಗೆ ಹೇಳಲಿ: "ಇಂಥ ದಿನ ಈ ಬಂಕಿನಲ್ಲಿ 175 ಡಾಲರ್ ಆಥರೈಸೇಷನ್ ಆಗಿದೆ. ಅಂತಿಮ ಬಿಲ್ಲು 31 ಡಾಲರ್, ರಸೀದಿ ನನ್ನ ಹತ್ತಿರ ಇದೆ. ತಡೆಹಿಡಿದ ಮೊತ್ತ ಬಿಡುಗಡೆ ಮಾಡಿ, ದೂರಿನ ಸಂಖ್ಯೆ ಕೊಡಿ." ಕಾರ್ಡಿನ ಕೊನೆಯ ನಾಲ್ಕು ಅಂಕಿ, ದಿನಾಂಕ, ರಸೀದಿಯಲ್ಲಿರುವ ಆಥರೈಸೇಷನ್ ಕೋಡ್ ಇದ್ದರೆ ಸಾಕು. ಒಟಿಪಿ, ಸಿವಿವಿ, ಪಿನ್ ಯಾರು ಕೇಳಿದರೂ ಕೊಡುವುದು ಬೇಡ.

ಇಲ್ಲೊಂದು ಎಚ್ಚರಿಕೆ. ಬಂಕಿನವರನ್ನು ಕೇಳಿದರೆ "ಹಣ ಹಿಡಿದಿರುವುದು ನಿಮ್ಮ ಬ್ಯಾಂಕು" ಎನ್ನುತ್ತಾರೆ. ಬ್ಯಾಂಕನ್ನು ಕೇಳಿದರೆ "ಬಂಕಿನವರು ಕೇಳಿದ್ದಾರೆ, ನಾವು ಹಿಡಿದಿದ್ದೇವೆ" ಎನ್ನುತ್ತದೆ. ಎರಡೂ ಅರ್ಧರ್ಧ ನಿಜ. ಎಷ್ಟು ಎಂದು ಕೇಳಿದ್ದು ಬಂಕು, ಎಷ್ಟು ದಿನ ಹಿಡಿಯಬೇಕೆಂದು ನಿರ್ಧರಿಸುವುದು ಬ್ಯಾಂಕು. ಬಿಡುಗಡೆ ಮಾಡುವ ಕೈ ಬ್ಯಾಂಕಿನದೇ ಆದ್ದರಿಂದ ಬ್ಯಾಂಕಿನ ಬೆನ್ನು ಬಿಡಬೇಡಿ. ಬ್ಯಾಂಕು 30 ದಿನದೊಳಗೆ ಉತ್ತರ ಕೊಡದಿದ್ದರೆ ಅಥವಾ ಸಮಾಧಾನಕರವಲ್ಲದ ಉತ್ತರ ಕೊಟ್ಟರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ವಿಫಲವಾದ ಕಾರ್ಡ್ ವ್ಯವಹಾರದ ಹಣವನ್ನು 5 ದಿನದೊಳಗೆ ಮರಳಿಸಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ 2019ರ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ನಿಮ್ಮ ಯಜಮಾನರು ಓದಿರಬಹುದು. ಅದು ದೇಶದೊಳಗಿನ ವ್ಯವಹಾರಗಳಿಗೆ ಮಾತ್ರ ಅನ್ವಯ. ಅಮೆರಿಕದ ಪಂಪಿನಲ್ಲಿ ನಡೆದದ್ದಕ್ಕೆ ಅದನ್ನು ಮುಂದಿಟ್ಟು ವಾದಿಸಿದರೆ ಸಮಯ ಹಾಳಾಗುತ್ತದೆ.

ಇನ್ನು ಮುಂದೆ

ನಿಮ್ಮ ಮಗನಿಗೆ ನಾನು ಹೇಳುವ ಮೊದಲ ಮಾತು: ಪಂಪಿಗೆ ಕಾರ್ಡ್ ತೂರಿಸಬೇಡ, ಒಳಗೆ ಹೋಗು. ಅಲ್ಲಿನ ಪ್ರತಿ ಬಂಕಿನಲ್ಲೂ ಹೆಚ್ಚುಕಡಿಮೆ ಒಂದು ಅಂಗಡಿ ಇರುತ್ತದೆ. ಕ್ಯಾಷಿಯರ್ ಹತ್ತಿರ ಹೋಗಿ "ನಾಲ್ಕನೇ ಪಂಪು, ಇಪ್ಪತ್ತೈದು ಡಾಲರ್" ಎಂದು ಹೇಳಿದರೆ ಕಾರ್ಡಿನಿಂದ ಅಷ್ಟೇ ಮೊತ್ತ ತೆಗೆಯುತ್ತಾರೆ, ಪಂಪು ಅಷ್ಟಕ್ಕೇ ನಿಲ್ಲುತ್ತದೆ. ನಮ್ಮೂರಿನ "ಐನೂರಕ್ಕೆ ಹಾಕಪ್ಪಾ" ಎನ್ನುವ ಪದ್ಧತಿ ಅಲ್ಲೂ ಇದೆ, ಬಾಗಿಲು ಮಾತ್ರ ಬೇರೆ. ಟ್ಯಾಂಕಿಗೆ ಹಿಡಿಯುವುದಕ್ಕಿಂತ ಸ್ವಲ್ಪ ಕಡಿಮೆಯೇ ಹೇಳಲಿ. ಇಪ್ಪತ್ತೈದು ಕೊಟ್ಟು ಇಪ್ಪತ್ತಕ್ಕೇ ಟ್ಯಾಂಕ್ ತುಂಬಿದರೆ ಮಿಕ್ಕ ಐದು ಡಾಲರ್ ಕಾರ್ಡಿಗೆ ಮರಳಲು ಮತ್ತೆ ಕೆಲವು ದಿನ ಹಿಡಿದೀತು. ನಗದು ಕೊಟ್ಟರೆ ಈ ತಂಟೆಯೇ ಇಲ್ಲ, ಚಿಲ್ಲರೆ ಅಲ್ಲೇ ಕೈಗೆ ಬರುತ್ತದೆ.

ಒಳಗೆ ಹೋಗುವುದರಿಂದ ಇನ್ನೊಂದು ಅನುಕೂಲವಿದೆ. ಎಷ್ಟೋ ಪಂಪುಗಳು ಐದು ಅಂಕಿಯ ಜಿಪ್ ಕೋಡ್ ಒತ್ತಲು ಕೇಳುತ್ತವೆ. ಅದು ಕಾರ್ಡಿನವರ ವಿಳಾಸದೊಂದಿಗೆ ತಾಳೆ ನೋಡಲಿಕ್ಕೆ. ನಮ್ಮ ಬ್ಯಾಂಕಿನ ಕಾರ್ಡಿಗೆ ಜೋಡಿಸಿದ ವಿಳಾಸದಲ್ಲಿರುವುದು ಆರು ಅಂಕಿಯ ಅಂಚೆ ಪಿನ್ ಕೋಡ್. ಹೀಗಾಗಿ ಕಾರ್ಡ್ ತಿರಸ್ಕೃತವಾಗುವುದುಂಟು. ಅಂಥ ಹೊತ್ತಿನಲ್ಲಿ ಒಂದೇ ಪಂಪಿಗೆ ಮತ್ತೆ ಮತ್ತೆ ಕಾರ್ಡ್ ಹಾಕುವುದಾಗಲಿ, ಪಕ್ಕದ ಪಂಪಿನಲ್ಲಿ ಪ್ರಯತ್ನಿಸುವುದಾಗಲಿ ಬೇಡ. ಪೆಟ್ರೋಲ್ ಬರದಿದ್ದರೂ ಕೆಲವೊಮ್ಮೆ ಪ್ರತಿ ಪ್ರಯತ್ನಕ್ಕೂ ಒಂದೊಂದು ತಡೆ ಬೀಳುತ್ತದೆ.

ಎರಡನೆಯದು, ಫಾರೆಕ್ಸ್ ಕಾರ್ಡನ್ನು ಪೆಟ್ರೋಲ್ ಪಂಪು, ಹೋಟೆಲ್ ರೂಮು, ಬಾಡಿಗೆ ಕಾರು ಈ ಮೂರಕ್ಕೆ ಬಳಸದಿರಲಿ. ಮೂರೂ ಕಡೆ ಅಂತಿಮ ಬಿಲ್ಲಿಗಿಂತ ಹೆಚ್ಚು ಮೊತ್ತ ಮೊದಲೇ ತಡೆಹಿಡಿಯುತ್ತಾರೆ. ದಿನಸಿ, ಪುಸ್ತಕ, ಊಟದಂಥ ಗೊತ್ತಾದ ಮೊತ್ತಕ್ಕೆ ಆ ಕಾರ್ಡ್ ಒಳ್ಳೆಯದೇ.

ಮೂರನೆಯದು, ಹೋಗಿ ಇಷ್ಟು ಕಾಲವಾದರೂ ಅಲ್ಲಿನ ಬ್ಯಾಂಕ್ ಖಾತೆ ತೆರೆದಿಲ್ಲವಾದರೆ ತೆರೆಯಲಿ. ಪಾಸ್‌ಪೋರ್ಟ್, ವಿಶ್ವವಿದ್ಯಾಲಯ ಕೊಟ್ಟ ಐ-20 ಪತ್ರ, ವಿಳಾಸದ ದಾಖಲೆ ನೋಡಿ ವಿದ್ಯಾರ್ಥಿಗಳಿಗೆ ಖಾತೆ ಕೊಡುವ ಬ್ಯಾಂಕುಗಳು ಹಲವಿವೆ. ಅಲ್ಲಿನ ಡೆಬಿಟ್ ಕಾರ್ಡನ್ನು ಪಿನ್ ಒತ್ತಿ ಬಳಸಿದರೆ ಸಾಮಾನ್ಯವಾಗಿ ಲೆಕ್ಕ ಬೇಗ ಮುಗಿಯುತ್ತದೆ. ಖಾತೆ ತೆರೆಯುವಾಗ ಓವರ್‌ಡ್ರಾಫ್ಟ್‌ಗೆ ಒಪ್ಪಿಗೆ ಕೇಳಿದರೆ ಬೇಡ ಎನ್ನಲಿ. ಗ್ರಾಹಕರು ಒಪ್ಪದೆ ಡೆಬಿಟ್ ಕಾರ್ಡಿನ ದಿನನಿತ್ಯದ ಖರೀದಿಗೆ ಓವರ್‌ಡ್ರಾಫ್ಟ್ ಶುಲ್ಕ ಹಾಕುವಂತಿಲ್ಲ ಎಂಬ ನಿಯಮ ಅಲ್ಲಿ 2010ರಿಂದ ಇದೆ. ಮುಂದೆ ಕ್ರೆಡಿಟ್ ಕಾರ್ಡ್ ಸಿಕ್ಕಿದರೆ ಪಂಪಿಗೆ ಅದೇ ಸರಿ. ತಡೆ ಬಿದ್ದರೂ ಅದು ಸಾಲದ ಮಿತಿಯ ಮೇಲೆ ಬೀಳುತ್ತದೆ, ಅವನ ಸ್ವಂತ ಹಣದ ಮೇಲಲ್ಲ. ಆದರೆ ಆರಂಭದಲ್ಲಿ ಸಿಗುವ ಕಾರ್ಡಿನ ಮಿತಿ 200-300 ಡಾಲರ್ ಅಷ್ಟೇ ಇದ್ದರೆ ಒಂದೇ ತಡೆ ಅದರ ಬಹುಪಾಲನ್ನು ನುಂಗಿಬಿಡುತ್ತದೆಂಬುದು ನೆನಪಿರಲಿ.

ನಾಲ್ಕನೆಯದು ನಿಮ್ಮ ಯಜಮಾನರಿಗೆ. ಸಾಧ್ಯವಾದರೆ ಒಂದೇ ಒಂದು ಸಲ 200 ಡಾಲರ್ ಹೆಚ್ಚಿಗೆ ತುಂಬಿ, ಅದನ್ನು ಮುಟ್ಟದ ಹಣವೆಂದು ಮಗನೊಂದಿಗೆ ಮಾತಾಡಿಕೊಳ್ಳಲಿ. ಪ್ರತಿ ತಿಂಗಳು ಕೊಡಬೇಕಿಲ್ಲ. ತಡೆ ಬಿದ್ದ ವಾರ ಅವನು ಉಪವಾಸ ಬೀಳದಿರಲು ಅಷ್ಟು ಸಾಕು.

ನಿಮ್ಮ ಬಂಧುಗಳ ಮಕ್ಕಳು ಬೇರೆ ದೇಶಗಳಲ್ಲಿದ್ದರೆ ಅವರಿಗೂ ಇದನ್ನು ತಿಳಿಸಿ. ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಪಂಪುಗಳಲ್ಲಿ ಸುಮಾರು 100 ಪೌಂಡ್ ಹೀಗೆಯೇ ಮೊದಲು ತಡೆಹಿಡಿಯುತ್ತಾರೆ. ನ್ಯೂ ಜೆರ್ಸಿಯಲ್ಲಿ ಪೆಟ್ರೋಲ್ ಹಾಕಿಕೊಡುವವರಿದ್ದರೂ ಅವರು ಕಾರ್ಡನ್ನು ಪಂಪಿಗೇ ಹಾಕಿದರೆ ಅದೇ ತಡೆ ಬೀಳಬಹುದು.

ಮನೆಯ ಮಾತು

ಈಗ ನಿಮ್ಮ ನಿಜವಾದ ನೋವಿಗೆ ಬರುತ್ತೇನೆ. ಇಬ್ಬರ ನಡುವೆ ಸುದ್ದಿ ಸಾಗಿಸುವ ಕೆಲಸವನ್ನು ನೀವು ಬಿಟ್ಟುಬಿಡಿ. "ಅಪ್ಪ ಹಾಗಂದರು, ಅವನು ಹೀಗಂದ" ಎಂದು ನೀವು ಹೇಳುತ್ತ ಹೋದಷ್ಟು ಕಾಲ ಅವರಿಬ್ಬರೂ ನೇರವಾಗಿ ಮಾತಾಡಬೇಕಾದ ಅಗತ್ಯ ಬೀಳುವುದಿಲ್ಲ. ಈ ಉತ್ತರವನ್ನು ಯಜಮಾನರ ಮುಂದಿಡಿ. ಮಗನ ಹತ್ತಿರ 31 ಮತ್ತು 28 ಡಾಲರಿನ ರಸೀದಿಗಳಿದ್ದರೆ ಅಪ್ಪನ ಫೋನಿಗೇ ಕಳಿಸಲು ಹೇಳಿ. ಆರೋಪಿ ಸಾಕ್ಷಿ ಒಪ್ಪಿಸಿದಂತೆ ಅಲ್ಲ. ಬ್ಯಾಂಕಿಗೆ ದೂರು ಬರೆಯುವಾಗ ಆ ರಸೀದಿಗಳು ಬೇಕೇ ಬೇಕು, ಮತ್ತು ಅಂಥ ದೂರನ್ನು ತಾರೀಖು, ಮೊತ್ತ ತಪ್ಪದೆ ಚೊಕ್ಕವಾಗಿ ಬರೆಯಲು ನಿಮ್ಮ ಮನೆಯಲ್ಲಿ ನಿಮ್ಮ ಯಜಮಾನರಿಗಿಂತ ಯೋಗ್ಯರಿಲ್ಲ. ಯಾವ ಲೆಕ್ಕ ಅಪ್ಪ ಮಗನನ್ನು ದೂರ ಮಾಡಿತೋ ಆ ಲೆಕ್ಕವನ್ನು ಇಬ್ಬರೂ ಒಂದೇ ಕಡೆ ನಿಂತು ಬ್ಯಾಂಕಿನೊಂದಿಗೆ ಬಗೆಹರಿಸಿಕೊಳ್ಳಲಿ.

ಆ ಮೆಸೇಜುಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಸಾಲ ಮಾಡಿ ಮಗನನ್ನು ಓದಿಸುವ ತಂದೆಗೆ ಖರ್ಚಿನ ಲೆಕ್ಕ ಕೇಳುವ ಹಕ್ಕಿದೆ. ಆದರೆ ಏಳು ಸಮುದ್ರದಾಚೆ ಹುಡುಗ ಒಂದು ಕಾಫಿ ಕುಡಿದರೂ ಇಲ್ಲಿ ಫೋನ್ ಗುಂಯ್‌ಗುಟ್ಟುವುದು, ಕೂಡಲೇ ಅಪ್ಪನಿಂದ ಪ್ರಶ್ನೆ ಬರುವುದು ಇಬ್ಬರ ಆರೋಗ್ಯಕ್ಕೂ ಒಳ್ಳೆಯದಲ್ಲ. ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ತೆಗೆದು, ಒಂದು ಭಾನುವಾರ ಇಬ್ಬರೂ ಸೇರಿ ನೋಡುವ ರೂಢಿ ಮಾಡಿಕೊಳ್ಳಲಿ. ಸ್ಟೇಟ್‌ಮೆಂಟಿನಲ್ಲಿ ಕಾಣುವುದು ಅಂತಿಮ ಮೊತ್ತ. ಮೆಸೇಜಿನಲ್ಲಿ ಬರುವುದು ಆ ಕ್ಷಣದ ಮೊತ್ತ. ಸಹಕಾರ ಸಂಘದಲ್ಲಿ ಅವರು ವರ್ಷದ ಲೆಕ್ಕವನ್ನು ಒಂದು ಚೀಟಿ ನೋಡಿ ಮುಗಿಸಿದವರಲ್ಲ. ಎಲ್ಲ ವೋಚರ್ ಕೈಗೆ ಬಂದ ಮೇಲೆ ತಾಳೆ ನೋಡಿದವರು. ಮಗನ ವಿಷಯದಲ್ಲೂ ಅಷ್ಟೇ ತಾಳ್ಮೆ ತೋರಿಸಲಿ ಎಂದಷ್ಟೇ ನನ್ನ ಕೋರಿಕೆ.

ಕೊನೆಯದಾಗಿ ನೇರವಾಗಿ ನಿಮ್ಮ ಯಜಮಾನರಿಗೇ ಹೇಳುತ್ತೇನೆ. ಸ್ವಾಮಿ, ನೀವು ಕೋಪಗೊಂಡದ್ದು ಅರ್ಥವಾಗುತ್ತದೆ. ಸಾಲದ ಕಂತು ಕಣ್ಣ ಮುಂದಿರುವಾಗ ಆ ಅಂಕಿ ಕಂಡು ಎದೆ ಧಸಕ್ಕೆಂದಿರುತ್ತದೆ. ಆದರೆ ನಿಮ್ಮ ಮಗ ಅವತ್ತು ಹೇಳಿದ ಎರಡೂ ಅಂಕಿಗಳು ಸರಿಯಾಗಿದ್ದವು, ಅವನನ್ನು ನೀವು ಸುಳ್ಳುಗಾರ ಎಂದಿರಿ. ತಡೆಹಿಡಿದ ಹಣವನ್ನು ಬ್ಯಾಂಕು ತಾನಾಗಿ ಬಿಡುತ್ತದೆ, ನಾಲ್ಕು ದಿನ ತಡವಾದೀತು ಅಷ್ಟೇ. ಆ ಮಾತು ಮಾತ್ರ ಆಡಿದವರೇ ಹಿಂತೆಗೆದುಕೊಳ್ಳದೆ ಹೋಗುವಂಥದ್ದಲ್ಲ. ಅಲ್ಲಿ ಬೆಳಗಾಗುವ ಹೊತ್ತು ನೋಡಿಕೊಂಡು ಇವತ್ತೇ ಅವನಿಗೆ ನೀವೇ ಫೋನ್ ಮಾಡಿ. "ನೀನು ಹೇಳಿದ್ದೇ ಸರಿ ಇತ್ತಪ್ಪಾ, ನನಗೆ ಆ ಪದ್ಧತಿ ಗೊತ್ತಿರಲಿಲ್ಲ" ಎನ್ನಿ. ಆಮೇಲೆ ದೂರಿನ ಪತ್ರಕ್ಕೆ ರಸೀದಿ ಕಳಿಸಲು ಹೇಳಿ, ಕೆಲಸ ಶುರುಮಾಡಿ.